ಐದನೇ ಎಕ್ಕ

ಪ್ರಪಂಚದ ಯಾವ ಕ್ಯಾಸಿನೋದವರೂ ನಮ್ಮ ಅತ್ತೆಯನ್ನು ಒಳಗೆ ಬಿಟ್ಟುಕೊಳ್ಳಬಾರದು. ಇದು ನನ್ನ ಖಚಿತ ಅಭಿಪ್ರಾಯ. ಅತ್ತೆ ಇದುವರೆಗೆ ಒಂದು ಕ್ಯಾಸಿನೋದ ಬಾಗಿಲನ್ನೂ ನೋಡಿಲ್ಲ, ಅದು ಬೇರೆ ಮಾತು! ಒಮ್ಮೆ ಗೋವಾಕ್ಕೆ ಹೋಗಿಬರೋಣ ಎಂದು ಕರೆದೆ. ಅವರು ಹೇಳಿದ್ದು ಇಷ್ಟು: “ಅಲ್ಲಿ ಗೆದ್ದರೆ ಆಚೆ ಹಾಕ್ತಾರೆ, ಸೋತರೆ ಒಳಗೆ ಕೂರಿಸ್ಕೋತಾರೆ. ಎರಡೂ ಮರ್ಯಾದೆ ಅಲ್ಲ ಕಣೋ.”

ನಾನು ಸುದ್ದಿಮನೆಯಲ್ಲಿ ಇಪ್ಪತ್ತು ವರ್ಷ ಕೂತವನು. ಮೊದಲ ಪ್ಯಾರಾದಲ್ಲೇ ಯಾರು, ಎಲ್ಲಿ, ಏನು ಎಂದು ಹೇಳದಿದ್ದರೆ ಕೈ ತುರಿಸುತ್ತದೆ. ಈಗಾಗಲೇ ಎರಡನೇ ಪ್ಯಾರಾಕ್ಕೆ ಬಂದಿದ್ದೇನೆ, ಆದ್ದರಿಂದ ತಡಮಾಡದೆ ಹೇಳುತ್ತೇನೆ. ಅತ್ತೆ ನನ್ನ ತಂದೆಯ ತಂಗಿ, ಮೈಸೂರಿನವರು. ತಿರುವನಂತಪುರದ ಒಂದು ಬಾಹ್ಯಾಕಾಶ ಸಂಸ್ಥೆಯಲ್ಲಿ ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಅಳೆಯುವುದು ಅವರ ಕೆಲಸವಾಗಿತ್ತು. ಮಾವ ಅದೇ ಆವರಣದ ಗ್ರಂಥಾಲಯದಲ್ಲಿದ್ದರು. ಇಬ್ಬರೂ ನಿವೃತ್ತರಾಗಿ ಅಲ್ಲೇ ಒಂದು ಫ್ಲ್ಯಾಟಿನಲ್ಲಿ ನೆಲೆಸಿದ್ದಾರೆ. ಮಕ್ಕಳಿಲ್ಲ. ಹತ್ತಿರದ ನೆಂಟನೆಂದರೆ ಕೊಚ್ಚಿಯ ಎಡಪ್ಪಳ್ಳಿಯಲ್ಲಿರುವ ನಾನು. ಹತ್ತಿರ ಎಂದರೆ ರೈಲಿನಲ್ಲಿ ನಾಲ್ಕು ಗಂಟೆ.

ಇನ್ನು ಏನು ಎಂಬುದು. ಆಟ ಬ್ಲ್ಯಾಕ್‌ಜಾಕ್. ಕೈಯಲ್ಲಿರುವ ಎಲೆಗಳನ್ನು ಕೂಡಿಸಿ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಿದರೆ ಸತ್ತಂತೆ. ಗುಲಾಮ, ರಾಣಿ, ರಾಜ ಎಲ್ಲರೂ ಹತ್ತೇ. ಎಕ್ಕ ಒಂದೂ ಆಗಬಹುದು, ಹನ್ನೊಂದೂ ಆಗಬಹುದು. ಹಂಚುವವರ ಒಂದು ಎಲೆ ಕಾಣುತ್ತದೆ, ಇನ್ನೊಂದು ಬೋರಲು ಬಿದ್ದಿರುತ್ತದೆ. ಅವರು ಹದಿನೇಳು ಮುಟ್ಟುವವರೆಗೆ ಎಳೆಯಲೇಬೇಕು. ನಮಗೆ ಮಾತ್ರ ಎಳೆಯುವ, ನಿಲ್ಲುವ ಸ್ವಾತಂತ್ರ್ಯ.

ಉಳಿದವರು ಇದನ್ನು ಅದೃಷ್ಟ ಎನ್ನುತ್ತಾರೆ. ಅತ್ತೆಯ ಎದುರಿಗೆ ಆ ಪದ ಆಡಿದರೆ ಕಾಫಿ ಸಿಗುವುದಿಲ್ಲ! ಅವರು ಎಣಿಸುತ್ತಾರೆ. ಎರಡರಿಂದ ಆರರವರೆಗಿನ ಸಣ್ಣ ಎಲೆ ಬಿದ್ದರೆ ಒಂದು ಕೂಡು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆ. ಏಳು, ಎಂಟು, ಒಂಬತ್ತು ಬಂದರೆ ಸುಮ್ಮನಿರು. ಕಟ್ಟು ಪೂರ್ತಿ ಮುಗಿದಾಗ ಲೆಕ್ಕ ಸೊನ್ನೆಗೆ ಬಂದು ನಿಲ್ಲಬೇಕು. ನಡುವೆ ಲೆಕ್ಕ ಮೇಲೇರಿದ್ದರೆ ದೊಡ್ಡ ಎಲೆಗಳು ಇನ್ನೂ ಒಳಗೇ ಕೂತಿವೆ ಎಂದರ್ಥ, ಎಳೆಯಲು ಹೆದರಬೇಕು. ಕೆಳಗಿಳಿದಿದ್ದರೆ ಧೈರ್ಯವಾಗಿ ಎಳೆಯಬಹುದು.

“ಹೋದದ್ದನ್ನ ನೆಟ್ಟಗೆ ಎಣಿಸಿದರೆ ಉಳಿದದ್ದು ಏನು ಅಂತ ತಾನಾಗೇ ಗೊತ್ತಾಗತ್ತೆ. ಇದರಲ್ಲಿ ಅದೃಷ್ಟ ಎಲ್ಲಿಂದ ಬಂತು?” ಇದು ಅತ್ತೆಯ ವಾದ.

ಎಲ್ಲರೂ ಬೆಳಗ್ಗೆ ಎದ್ದು ಬಿ.ಪಿ. ನೋಡಿಕೊಳ್ಳುವ ವಯಸ್ಸಿನಲ್ಲಿ ಅತ್ತೆ ಇಸ್ಪೀಟು ನೋಡುತ್ತಾರೆ. ಮೊದಲ ಕಾಫಿ ಮುಗಿದ ಮೇಲೆ ನೀಲಿ ಬೆನ್ನಿನ ಕಟ್ಟಿನಿಂದ ಒಂದು ಎಲೆಯನ್ನು ನೋಡದೆ ಎಳೆದು ಖಾಲಿ ಲೋಟದ ಕೆಳಗೆ ಇಡುವುದು. ಉಳಿದದ್ದನ್ನು ಪಟಪಟನೆ ಮಗುಚುತ್ತಾ ಎಣಿಸುವುದು. ಕೊನೆಗೆ ಲೆಕ್ಕ ಸೊನ್ನೆಯಿಂದ ಯಾವ ಕಡೆಗೆ ಸರಿದಿದೆ ನೋಡಿ ಲೋಟದ ಕೆಳಗಿರುವುದು ಸಣ್ಣದೋ, ದೊಡ್ಡದೋ, ಸುಮ್ಮನಿರುವ ಜಾತಿಯದೋ ಎಂದು ಗಟ್ಟಿಯಾಗಿ ಘೋಷಿಸುವುದು. ಆಮೇಲೆ ಲೋಟ ಎತ್ತುವುದು. ಒಂದು ದಿನವೂ ತಪ್ಪಿದ್ದಿಲ್ಲ. ಸರಿ ಬಂದರೆ “ತಲೆ ನಡೀತಿದೆ” ಎಂದು ಹೇಳಿ ಎರಡನೇ ಕಾಫಿ. ಡಾಕ್ಟರ ಸರ್ಟಿಫಿಕೇಟು ಅವರಿಗೆ ಬೇಕಿಲ್ಲ.

ಸಂಜೆ ಐದಕ್ಕೆ ಆಟ. ಮಾವ ಹಂಚುವವರು. ಪಣಕ್ಕೆ ಬಾಳೆಕಾಯಿ ಚಿಪ್ಸು! ಇದರಲ್ಲೊಂದು ತೊಡಕಿತ್ತು. ಹಂಚುವವರ ಕಡೆ ರಾಶಿ ಬಿದ್ದ ಚಿಪ್ಸನ್ನು ಮಾವ ಯೋಚಿಸುತ್ತಾ ಯೋಚಿಸುತ್ತಾ ತಿಂದುಬಿಡುತ್ತಿದ್ದರು. ಅತ್ತೆ ಗೆದ್ದಾಗ ಕೊಡಲು ಏನೂ ಉಳಿದಿರುತ್ತಿರಲಿಲ್ಲ.

“ರೀ, ನನ್ನ ಗೆಲುವೆಲ್ಲಿ?”

“ನಿನ್ನ ಗೆಲುವು ಸ್ವಲ್ಪ ಉಪ್ಪಾಗಿತ್ತು ಕಣೇ.”

ಆಟದ ಅಂಕವನ್ನು ಮಾವ ಹಳೇ ಲೈಬ್ರರಿ ಚೀಟಿಗಳ ಹಿಂದೆ ಬರೆಯುತ್ತಾರೆ, ಕನ್ನಡ ಅಂಕಿಯಲ್ಲಿ ಮಾತ್ರ. ಮೂವತ್ತೈದು ವರ್ಷ ಕೇರಳದಲ್ಲಿದ್ದರೂ ಅವರ ಕೈಯಿಂದ ಬೇರೆ ಅಂಕಿ ಹೊರಟಿದ್ದನ್ನು ನಾನು ಕಂಡಿಲ್ಲ. ಗ್ಯಾಸು ಬುಕ್ ಮಾಡಿದ ದಿನಾಂಕವನ್ನು ಮಲಯಾಳಂ ಕ್ಯಾಲೆಂಡರಿನ ಮೇಲೆ ಕನ್ನಡ ಅಂಕಿಯಲ್ಲಿ ಬರೆದು, ಮನೆಗೆ ಬಂದ ಗ್ಯಾಸಿನವನಿಗೇ ಅದನ್ನು ತೋರಿಸಿ ವಾದ ಮಾಡಿದ ಮನುಷ್ಯ! ಆಟ ಮುಗಿದ ಮೇಲೆ ಮಾವ ಎಲೆಗಳನ್ನು ಒಂದೊಂದಾಗಿ ಎಣಿಸಿ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿ ಕೂಗುತ್ತಾರೆ: “ಐವತ್ತೆರಡು! ಸರಿ ಇದೆ.” ಅಡುಗೆಮನೆಯಿಂದ ಅತ್ತೆ “ಹೂಂ” ಎನ್ನುತ್ತಾರೆ. ಆ ಮನೆಯಲ್ಲಿ ಸಂಜೆಯ ದೀಪ ಹಚ್ಚುವುದು ಅದಾದ ಮೇಲೆಯೇ.

ಅತ್ತೆಯ ಎಣಿಕೆ ಇಸ್ಪೀಟಿನಲ್ಲೇ ನಿಂತಿದ್ದರೆ ನನಗೆ ಬರೆಯಲು ಇಷ್ಟೊಂದು ಇರುತ್ತಿರಲಿಲ್ಲ. ಬ್ಲ್ಯಾಕ್‌ಜಾಕಿನಲ್ಲಿ ಎಲ್ಲಕ್ಕಿಂತ ಕೆಟ್ಟ ಕೈ ಹದಿನಾರು. ಎಳೆದರೆ ಸಾಯುವ ಭಯ, ನಿಂತರೆ ಸೋಲುವ ಭಯ. ಲೋಕದ ಸಕಲ ಸಂಕಟಗಳಿಗೂ ಅತ್ತೆ ಇದೇ ಹೆಸರಿಟ್ಟಿದ್ದಾರೆ. ನಾನು ಕೆಲಸ ಬಿಡಬೇಕೆಂದು ಹಾರಾಡುತ್ತಿದ್ದಾಗ ಫೋನಿನಲ್ಲಿ ಕೇಳಿದರು: “ನಿನ್ನ ಕೈಯಲ್ಲಿ ಹದಿನಾರಿದೆ ಸರಿ. ನಿಮ್ಮ ಸಂಪಾದಕರ ಕೈಯಲ್ಲಿ ಏನು ಕಾಣ್ತಿದೆ?”

“ಹತ್ತು, ಅತ್ತೆ.”

“ಈ ವರ್ಷ ನಿಮ್ಮ ಆಫೀಸಿಂದ ಎಷ್ಟು ಜನ ಹೋದರು? ಒಳ್ಳೆಯವರು ಎಷ್ಟು, ದಂಡಪಿಂಡಗಳು ಎಷ್ಟು?”

ನಾನು ಹೇಳಿದೆ. ಆ ಕಡೆ ಕೂಡಿ ಕಳೆಯುವ ಗುಣುಗು. ಆಮೇಲೆ: “ದಂಡಪಿಂಡಗಳೇ ಜಾಸ್ತಿ ಹೋಗಿವೆ. ಅಂದರೆ ಒಳಗೆ ಒಳ್ಳೆಯವರು ಉಳಿದಿದ್ದಾರೆ. ನಿಂತ್ಕೋ, ಎಳೀಬೇಡ.” ನಿಂತೆ. ಆರು ತಿಂಗಳಿಗೆ ಸಂಪಾದಕರೇ ಹೋದರು!

ಕೆಲವು ತಿಂಗಳ ಹಿಂದೆ ನಾನು ಹೋಗಿದ್ದಾಗ ಮೂವರೂ ವಿಳಿಂಜಂಗೆ ಹೋಗಿದ್ದೆವು. ಮೀನುದೋಣಿಗಳ ಆಚೆ ಹೊಸ ಬಂದರಿನ ಕ್ರೇನುಗಳು ಹಡಗಿನಿಂದ ಕಂಟೇನರುಗಳನ್ನು ಎತ್ತಿ ಎತ್ತಿ ಇಳಿಸುತ್ತಿದ್ದವು. ಜನ ಸಮುದ್ರ ನೋಡಿದರೆ ಅತ್ತೆ ಕಂಟೇನರ್ ಎಣಿಸಿದರು. ಕೆಂಪಿಗೆ ಒಂದು ಕೂಡು, ನೀಲಿಗೆ ಒಂದು ಕಳೆ. “ಇನ್ನು ಮೇಲಿನ ಸಾಲಲ್ಲಿ ಬರೋದೆಲ್ಲ ನೀಲಿ, ನೋಡ್ತಿರು” ಎಂದರು. ಬಂದದ್ದು ಹಸಿರು. “ಹಸಿರು ಸುಮ್ಮನಿರುವ ಜಾತಿ” ಎಂದು ಒಂದು ಚೂರೂ ಅಳುಕದೆ ಹೇಳಿದರು. ಚಹಾ ತರುತ್ತೇನೆಂದು ಹೋದ ಮಾವ ಇಪ್ಪತ್ತು ನಿಮಿಷದ ಮೇಲೆ ಬರಿಗೈಯಲ್ಲಿ ಬಂದರು. “ಅಂಗಡಿ ಸಿಗಲಿಲ್ಲ” ಎಂದರು. ಅಂಗಡಿ ನಮ್ಮ ಬೆನ್ನ ಹಿಂದೆಯೇ ಇತ್ತು! ನಾವು ನಕ್ಕೆವು. ಮಾವನೂ ನಕ್ಕರು. ನನ್ನ ತಲೆಯಲ್ಲಿ ಈ ಘಟನೆ ‘ಹಾಸ್ಯ’ ಎಂಬ ಶೀರ್ಷಿಕೆಯ ಅಡಿಯಲ್ಲಿ ದಾಖಲಾಯಿತು. ವರದಿಗಾರನಾಗಿ ನಾನು ಮಾಡಿದ ತಪ್ಪುಗಳಲ್ಲಿ ಇದನ್ನು ಮೊದಲು ಬರೆದುಕೊಳ್ಳಬೇಕು.

ಅದಾಗಿ ತಿಂಗಳಿಗೆ, ಒಂದು ಬುಧವಾರ ಬೆಳಗ್ಗೆ ಅತ್ತೆಯ ಫೋನು. ದನಿ ಸಣ್ಣದಾಗಿತ್ತು.

“ಲೆಕ್ಕ ತಪ್ತಿದೆ ಕಣೋ.”

“ಯಾವ ಲೆಕ್ಕ?”

“ಬೆಳಗಿಂದು. ಹತ್ತೊಂಬತ್ತು ದಿನದಿಂದ. ಒಂದು ದಿನಾನೂ ಸರಿ ಬಂದಿಲ್ಲ. ದೊಡ್ಡದು ಅಂತೀನಿ, ಲೋಟ ಎತ್ತಿದರೆ ಎಂಟು ಕೂತಿರತ್ತೆ. ಕೆಲವು ದಿನ ಕೊನೇಲಿ ಎರಡು ಬರ್ತಿದೆ. ಎರಡು! ಒಂದು ಎಲೆ ಮುಚ್ಚಿಟ್ಟರೆ ಎರಡು ಬರಕ್ಕೆ ಸಾಧ್ಯಾನೇ ಇಲ್ಲ.”

“ಕಟ್ಟು ಸರಿ ಇದೆಯಾ ಅತ್ತೆ? ಎಲೆ ಏನಾದರೂ...”

“ದಿನಾ ಸಂಜೆ ನಿಮ್ಮ ಮಾವ ಎಣಿಸ್ತಾರಲ್ಲ. ಐವತ್ತೆರಡು. ಕಟ್ಟು ಸರಿ ಇದೆ. ಸರಿ ಇಲ್ಲದ್ದು ನಾನು.”

ಅವರ ಪ್ರಯೋಗಾಲಯದಲ್ಲಿ ಒಂದು ನಿಯಮವಿತ್ತಂತೆ. ಅಂಕಿ ತಪ್ಪು ಬಂದರೆ ಮೊದಲು ಓದಿದವರನ್ನು ಅನುಮಾನಿಸಬೇಕು, ಯಂತ್ರವನ್ನು ಆಮೇಲೆ. ಸಾವಿರಾರು ಉಪಕರಣಗಳ ಮಾನ ಕಾಪಾಡಿದ ಆ ನಿಯಮವನ್ನು ಅತ್ತೆ ಈಗ ತಮ್ಮ ಮೇಲೆಯೇ ಹೂಡಿದ್ದರು. ಅವರ ಅಮ್ಮ, ಅಂದರೆ ನನ್ನ ಅಜ್ಜಿ, ಕೊನೆಯ ಆರು ವರ್ಷ ಯಾರನ್ನೂ ಗುರುತಿಸಲಿಲ್ಲ. ಅದನ್ನು ನಾವಿಬ್ಬರೂ ಫೋನಿನಲ್ಲಿ ಹೇಳಲಿಲ್ಲ, ಇಬ್ಬರಿಗೂ ನೆನಪಿತ್ತು.

“ನಿಮ್ಮ ಕೊಚ್ಚಿ ಕಡೆ, ಆಲುವಾ ಹತ್ತಿರ ಒಂದು ಹಿರಿಯರ ನಿವಾಸ ಇದೆ. ಅರ್ಜಿ ತುಂಬಿಟ್ಟಿದ್ದೀನಿ, ಸಹಿ ಒಂದು ಬಾಕಿ” ಎಂದರು. “ನನ್ನ ತಲೆ ಪೂರ್ತಿ ಕೆಡೋ ಮುಂಚೆ ಅವರನ್ನ ಒಂದು ಕಡೆ ಸೇರಿಸಬೇಕು. ಹಣೆ ಮೇಲಿರೋ ಕನ್ನಡಕ ಹುಡುಕೋ ಮನುಷ್ಯ. ನಾನು ಮರೆತರೆ ಅವರಿಗೆ ಯಾರು ನೆನಪು ಮಾಡ್ತಾರೆ?”

“ಮಾವನಿಗೆ ಹೇಳಿದಿರಾ?”

“ಹುಚ್ಚಾ ನಿನಗೆ? ಹೇಳಕೂಡದು.”

ಆದರೆ ಅಳತೆಯವರು ಒಂದೇ ಪರೀಕ್ಷೆಯ ಮೇಲೆ ತೀರ್ಪು ಕೊಡುವುದಿಲ್ಲ. ಆ ಭಾನುವಾರ ಕಾಕ್ಕನಾಡಿನಲ್ಲಿ ಕೊಚ್ಚಿಯ ಕನ್ನಡಿಗರ ಕುಟುಂಬ ಕೂಟವಿತ್ತು. ಐಟಿ ಪಾರ್ಕಿನ ಹುಡುಗ ಹುಡುಗಿಯರು ಮೋಜಿಗೆಂದು ಒಂದು ಬ್ಲ್ಯಾಕ್‌ಜಾಕ್ ಮೇಜು ಹಾಕುತ್ತಿದ್ದಾರೆ ಎಂದು ನಾನೇ ಹಿಂದೊಮ್ಮೆ ಬಾಯಿಬಿಟ್ಟಿದ್ದೆ. ಅತ್ತೆ ತೀರ್ಮಾನ ಹೇಳಿದರು: “ಬೇರೆ ಕಟ್ಟು, ಬೇರೆ ಕೈ, ಸುತ್ತ ಗಲಾಟೆ. ಅಲ್ಲೂ ತಪ್ಪಿದರೆ ಅಲ್ಲೇ ಸಹಿ. ನೀನು ಸಾಕ್ಷಿ. ಪೆನ್ನು ತಗೊಂಡು ಬಾ.”

ಪತ್ರಕರ್ತನ ಬಳಿ ಪೆನ್ನು ಯಾವಾಗಲೂ ಇರುತ್ತದೆ. ಆ ಭಾನುವಾರ ಮಾತ್ರ, ಮರೆತುಹೋದರೆ ಚೆನ್ನ ಎಂದುಕೊಂಡು ಬಾಗಿಲಲ್ಲಿ ಎರಡು ಸಲ ಜೇಬು ಮುಟ್ಟಿ ನೋಡಿಕೊಂಡೆ. ಇತ್ತು.

ಕಾಕ್ಕನಾಡಿನ ಆ ವಸತಿ ಸಮುಚ್ಚಯದಲ್ಲಿ ಐದು ಗೋಪುರ, ಐದೂ ಒಂದೇ ಅಚ್ಚಿನವು. ಬಣ್ಣ ಒಂದೇ, ಬಾಗಿಲು ಒಂದೇ, ಬಾಗಿಲಲ್ಲಿಟ್ಟ ಕುಂಡದ ಗಿಡವೂ ಒಂದೇ! ಗೇಟಿಗೆ ಹಳದಿ ಕೆಂಪು ಬ್ಯಾನರು ಕಟ್ಟಿದ್ದರು. ಮೂರನೇ ಗೋಪುರದ ಕೆಳಗಿನ ಹಾಲಿನಲ್ಲಿ ಕೂಟ. ಒಂದು ಮೂಲೆಯಲ್ಲಿ ಮಕ್ಕಳು ಕನ್ನಡ ಹಾಡನ್ನು ಮಲಯಾಳಂ ರಾಗದಲ್ಲಿ ಅಭ್ಯಾಸ ಮಾಡುತ್ತಿದ್ದವು. ಇನ್ನೊಂದು ಮೂಲೆಯಲ್ಲಿ ಬಿಸಿಬೇಳೆಭಾತಿನ ಪಾತ್ರೆ. ನಡುವೆ ಹಸಿರು ಬೆಡ್‌ಶೀಟು ಹೊದಿಸಿದ ಮೇಜು, ಪಣಕ್ಕೆ ಕೇರಂ ಕಾಯಿಗಳು. ಮೊದಲ ಬಹುಮಾನ ದೋಸೆ ಕಾವಲಿ.

ಹಂಚುತ್ತಿದ್ದವಳು ಹುಬ್ಬಳ್ಳಿಯ ಹುಡುಗಿ, ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವಳು. “ಬರ್ರೀ ಅತ್ತಿಯವರ, ಕೂಡ್ರಿ. ಆಟ ಗೊತ್ತದ ಏನ್ರೀ? ಇಲ್ಲಾಂದ್ರ ನಾ ಹೇಳಿಕೊಡ್ತೀನಿ, ಭಾಳ ಸರಳ ಅದ.”

“ಸ್ವಲ್ಪ ಗೊತ್ತಮ್ಮ” ಎಂದರು ಅತ್ತೆ. ನಾನು ಗಂಟಲು ಸರಿಮಾಡಿಕೊಂಡೆ.

ಪಕ್ಕದ ಕುರ್ಚಿಯಲ್ಲಿ ಬೆಂಗಳೂರಿನ ಯುವಕನೊಬ್ಬ, ಫೋನಿನಲ್ಲಿ ಈ ಆಟ ಆಡಿ ಆಡಿ ಪಂಡಿತನಾದವನು, ಎಲ್ಲರಿಗೂ ಬಿಟ್ಟಿ ಸಲಹೆ ಕೊಡುತ್ತಿದ್ದ. ಅತ್ತೆಯ ಬೆನ್ನ ಹಿಂದೆ ನಾನು. ನನ್ನ ಪಕ್ಕ ಮಾವ, ಜೇಬು ಹಿಡಿದುಕೊಂಡು ಕೂತಿದ್ದರು. ಹೌದು, ಜೇಬು ಹಿಡಿದುಕೊಂಡು. ಅದನ್ನೂ ನಾನು ನೋಡಿದ್ದೆ.

ಕ್ಯಾಸಿನೋಗಳಲ್ಲಿ ಎಣಿಸುವವರಿಗೆ ಹೆದರಿ ಕಟ್ಟು ಮುಗಿಯುವ ಮೊದಲೇ ಕಲಸಿಬಿಡುತ್ತಾರಂತೆ. ಇವರಿಗೆ ಅಂಥ ಭಯವಿರಲಿಲ್ಲ, ಕೊನೆಯ ಎಲೆಯವರೆಗೂ ಹಂಚುತ್ತಿದ್ದರು. ಅತ್ತೆಗೆ ಬೇಕಾಗಿದ್ದೂ ಅದೇ. ಆದರೆ ಮೊದಲ ಕಟ್ಟು ಇನ್ನೇನು ಮುಗಿಯಬೇಕು, ಬೋಂಡಾ ತಟ್ಟೆ ಬಂತು! ಹುಬ್ಬಳ್ಳಿಯ ಹುಡುಗಿ “ಎಣ್ಣಿ ಹತ್ತತದರೀ” ಎಂದು ಎಲೆಗಳನ್ನೆಲ್ಲ ಬಾಚಿ ಒಟ್ಟುಮಾಡಿದಳು. ಲೆಕ್ಕ ಸರಿಯಿತ್ತೋ ತಪ್ಪಿತ್ತೋ ನೋಡುವ ದಾರಿಯೇ ಹೋಯಿತು. ಅತ್ತೆಯ ಕುತ್ತಿಗೆಯ ನರ ಬಿಗಿದದ್ದು ಹಿಂದಿನಿಂದ ನನಗೆ ಕಂಡಿತು.

ಎರಡನೇ ಕಟ್ಟು ಶುರುವಾದದ್ದು ಹನ್ನೊಂದೂವರೆಗೆ. ಅಭ್ಯಾಸಬಲ, ಸಮಯ ಬರೆದುಕೊಂಡಿದ್ದೆ. ಅತ್ತೆ ಬೋಂಡಾ ಮುಟ್ಟಲಿಲ್ಲ. ಬಲಗೈಯಲ್ಲಿ ಕೇರಂ ಕಾಯಿ, ಎಡಗೈ ಸೆರಗಿನ ಕೆಳಗೆ. ಎಕ್ಕ ಬಿದ್ದಾಗಲೆಲ್ಲ ಎಡಗೈಯ ಒಂದು ಬೆರಳು ಮಡಿಚುತ್ತಾರೆ, ಅದು ಬೇರೆ ಲೆಕ್ಕ. ಮೈಕಿನಲ್ಲಿ ಯಾರೋ ಲೆಮನ್ ಸ್ಪೂನ್ ಓಟಕ್ಕೆ ಹೆಸರು ಕೂಗುತ್ತಿದ್ದರು. ಮಗುವೊಂದು ಅತ್ತೆಯ ಕುರ್ಚಿಗೆ ಢಿಕ್ಕಿ ಹೊಡೆಯಿತು. ಪಂಡಿತ “ಆಂಟಿ, ಹದಿನೈದಕ್ಕೆ ಎಳೀಬೇಕು” ಎಂದ. ಅತ್ತೆ ಎಳೆಯಲಿಲ್ಲ, ಗೆದ್ದರು. “ಆಂಟಿ, ಈಗ ಎಳೀಬಾರದು” ಎಂದ. ಎಳೆದರು, ಗೆದ್ದರು. “ಲಕ್ ಆಂಟಿ ನಿಮ್ದು!” ಎಂದ. ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ಆ ಪದವನ್ನು ಕೇಳಿಸಿಕೊಳ್ಳಲೇ ಇಲ್ಲ. ಅಷ್ಟು ಆಳದಲ್ಲಿದ್ದರು.

ಹನ್ನೊಂದು ನಲವತ್ತಕ್ಕೆ ಮಾವ ಎದ್ದರು. “ಚಹಾ ತರ್ತೀನಪ್ಪ” ಎಂದರು. ತಲೆಯಾಡಿಸಿದೆ. ಅದನ್ನೂ ಬರೆದುಕೊಂಡೆ. ಬರೆದುಕೊಳ್ಳುವುದಕ್ಕೂ ನೋಡುವುದಕ್ಕೂ ಇರುವ ದೂರ ನನ್ನ ವೃತ್ತಿಯವರಿಗೆ ತಡವಾಗಿ ತಿಳಿಯುತ್ತದೆ.

ಕೊನೆಯ ಸುತ್ತು. ಅತ್ತೆಯ ಕೈಯಲ್ಲಿ ಹತ್ತು ಮತ್ತು ಎರಡು, ಹನ್ನೆರಡು. ಹುಬ್ಬಳ್ಳಿಯ ಹುಡುಗಿಯ ಎದುರು ಮೂರು ಕಾಣುತ್ತಿತ್ತು, ಒಂದು ಎಲೆ ಬೋರಲು. ಕಟ್ಟಿನಲ್ಲಿ ಉಳಿದದ್ದು ಎರಡೇ ಎಲೆ.

“ಎಳೀರಿ ಆಂಟಿ! ಹನ್ನೆರಡಕ್ಕೆ, ಅದೂ ಮೂರರ ಮುಂದೆ, ಯಾರೂ ನಿಲ್ಲಲ್ಲ” ಎಂದ ಪಂಡಿತ. ಪುಸ್ತಕದ ಪ್ರಕಾರ ಅವನು ಹೇಳಿದ್ದು ಸರಿ. ಎಣಿಸದವರು ಅಲ್ಲಿ ಎಳೆಯಲೇಬೇಕು.

ಅತ್ತೆ ಎಳೆಯಲಿಲ್ಲ, ನಿಲ್ಲುತ್ತೇನೆ ಎಂದೂ ಹೇಳಲಿಲ್ಲ. ತುಟಿ ಒಮ್ಮೆ ಅಲುಗಿತು. ಎಡಗೈ ಸೆರಗಿನಿಂದ ಹೊರಗೆ ಬಂತು. ನಾಲ್ಕು ಬೆರಳೂ ಮಡಿಚಿದ್ದವು. ನನ್ನ ಕಡೆ ತಿರುಗಿ, ನನಗೊಬ್ಬನಿಗೇ ಕೇಳುವಂತೆ, “ಮೂರು” ಎಂದರು. ಆ ದನಿಯನ್ನು ನಾನು ಆಸ್ಪತ್ರೆಯ ಕಾರಿಡಾರುಗಳಲ್ಲಿ ಕೇಳಿದ್ದೇನೆ.

ಲೆಕ್ಕ ಮೂರು, ಕಾಣದ ಎಲೆಗಳೂ ಮೂರು: ಬೋರಲು ಬಿದ್ದದ್ದು ಒಂದು, ಕಟ್ಟಿನಲ್ಲಿ ಎರಡು. ಸೊನ್ನೆಗೆ ಬರಬೇಕಾದರೆ ಮೂರೂ ದೊಡ್ಡವಾಗಿರಬೇಕು. ನಾಲ್ಕು ಎಕ್ಕಗಳೂ ಹೋಗಿವೆ, ಆದ್ದರಿಂದ ಮೂರೂ ಹತ್ತರ ಎಲೆಗಳು. ಅತ್ತೆಯ ತಲೆ ಸರಿಯಿದ್ದರೆ.

“ನಾನು ನಿಲ್ತೀನಮ್ಮ” ಎಂದರು. “ನಿನ್ನ ಕೆಳಗಿನ ಎಲೆ ಹತ್ತು. ಎಳೆಯೋದೂ ಹತ್ತು. ಕಟ್ಟಲ್ಲಿ ಕೊನೇಲಿ ಉಳಿಯೋದೂ ಹತ್ತೇ.”

ನನ್ನ ಕೈ ಜೇಬಿನ ಪೆನ್ನಿನ ಮೇಲಿತ್ತು. ಅತ್ತೆಯ ಕೈಚೀಲ ಅವರ ಮಡಿಲಲ್ಲಿತ್ತು, ಅದರಲ್ಲಿ ಅರ್ಜಿ.

ಹುಡುಗಿ ಬೋರಲು ಎಲೆ ಮಗುಚಿದಳು. ಕ್ಲಾವರ್ ರಾಣಿ. ಹದಿಮೂರಾಯಿತು. ಎಳೆಯಲೇಬೇಕು. ಎಳೆದಳು. ಇಸ್ಪೀಟ್ ಹತ್ತು. ಇಪ್ಪತ್ತಮೂರು, ಸತ್ತಳು! ಯಾರೋ ಚಪ್ಪಾಳೆ ಹೊಡೆದರು. ಅತ್ತೆ ಕೈಯೆತ್ತಿ ತಡೆದರು, ಗೆಲುವು ಅವರಿಗೆ ಬೇಕಿರಲಿಲ್ಲ. ಕೊನೆಯ ಎಲೆ ಬೇಕಿತ್ತು. ಹುಡುಗಿ ಅದನ್ನು ಉಗುರಿನಿಂದ ಎಬ್ಬಿಸಿ ನಿಧಾನಕ್ಕೆ ತಿರುಗಿಸಿದಳು.

ಆಟೀನ್ ರಾಜ.

“ಅಯ್ಯ ಶಿವನ! ಅತ್ತಿಯವರ, ನೀವು ಮನಷ್ಯಾರೋ ಮಷಿನ್ನೋ!” ಎಂದು ಹುಡುಗಿ ಕೂಗಿದಳು. ಪಂಡಿತ ತನ್ನ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಅತ್ತೆ ಕುರ್ಚಿಗೆ ಒರಗಿ ಹೊರಗೆ ಬಿಟ್ಟ ಉಸಿರು ಮೂರು ವಾರದ್ದು. “ತಲೆ ನಡೀತಿದೆ” ಎಂದರು. ಆಮೇಲೆ ಹುಬ್ಬು ಗಂಟಿಕ್ಕಿತು. “ಹಾಗಿದ್ದರೆ ಮನೇಲಿ ಯಾಕೆ ತಪ್ತಿದೆ? ದಿನಾ ಒಂದೇ ದಿಕ್ಕಿಗೆ, ಒಂದೇ ಅಳತೆ. ವಯಸ್ಸಾದ ತಲೆ ಇಷ್ಟು ಶಿಸ್ತಾಗಿ ತಪ್ಪಲ್ಲ ಕಣೋ...”

ಆಗ ಗೇಟಿನ ಸೆಕ್ಯುರಿಟಿಯವನು ಹಾಲಿನ ಬಾಗಿಲಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಒಂದು ಇಸ್ಪೀಟ್ ಎಲೆ ಹಿಡಿದಿದ್ದ. ಡೈಮನ್ ಎಕ್ಕ.

ಪಂಡಿತ ಜಿಗಿದೆದ್ದ. “ಐದನೇ ಎಕ್ಕ! ನಾಲ್ಕು ಆಗಲೇ ಹೋಗಿದೆ, ಇದೆಲ್ಲಿಂದ ಬಂತು? ಅದಕ್ಕೇ ಆಂಟಿಗೆ ಎಲ್ಲ ಗೊತ್ತಾಗಿದ್ದು!” ಒಂದು ಕ್ಷಣ, ಒಂದೇ ಕ್ಷಣ, ಇಡೀ ಹಾಲು ಎಪ್ಪತ್ತೊಂದು ವರ್ಷದ ನಮ್ಮ ಅತ್ತೆಯನ್ನು ಕಳ್ಳಿಯನ್ನು ನೋಡುವಂತೆ ನೋಡಿತು. ದೋಸೆ ಕಾವಲಿಯ ಪ್ರಶ್ನೆಯಲ್ಲವೇ!

“ಸುಮ್ನಿರೋ ಮಾರಾಯ, ನಮ್ಮ ಕಟ್ಟು ಕೆಂಪು. ಇದರ ಬೆನ್ನು ನೀಲಿ ಅದ” ಎಂದಳು ಹುಬ್ಬಳ್ಳಿಯ ಹುಡುಗಿ.

ನೀಲಿ ಬೆನ್ನು ಅಂದದ್ದೇ ಅತ್ತೆ ಎದ್ದು ನಿಂತರು.

ಸೆಕ್ಯುರಿಟಿಯವನು ಮಲಯಾಳಂನಲ್ಲಿ ಹೇಳಿದ್ದರ ಸಾರಾಂಶ ಇದು. ಒಬ್ಬರು ವಯಸ್ಸಾದ ಸಾರ್ ಐದನೇ ಗೋಪುರದ ಬಾಗಿಲಲ್ಲಿ ನಿಂತಿದ್ದರು. ಯಾವ ಫ್ಲ್ಯಾಟು ಎಂದರೆ ಹೇಳಲಿಲ್ಲ. ಜೇಬಿನಿಂದ ಈ ಎಲೆ ತೆಗೆದು ಕೊಟ್ಟರು. ಅದರ ಮೇಲೆ ಏನೋ ಬರೆದಿದೆ, ತನಗೆ ಒಂದಕ್ಷರ ಓದಲಾಗಲಿಲ್ಲ. ಆದರೆ ಗೇಟಿನ ಬ್ಯಾನರಿನ ಅಕ್ಷರಗಳೂ ಹೀಗೇ ದುಂಡಗಿದ್ದವು. ಬ್ಯಾನರು ಕಟ್ಟಿದವರು ಇಲ್ಲಿದ್ದಾರಲ್ಲ ಎಂದು ತಂದಿದ್ದಾನೆ. ಕೊನೆಗೆ ಅತ್ತೆಯನ್ನು ಅಕ್ಕಾ ಎಂದು ಕರೆದು ಕೇಳಿದ: “ಚೇಚೀ, ಸಾರ್ ನಿಮ್ಮವರಾ?”

ಅತ್ತೆ ಎಲೆ ತೆಗೆದುಕೊಂಡರು. ಎಕ್ಕದ ಎಲೆಯಲ್ಲಿ ನಡುವೆ ಒಂದೇ ಚಿಹ್ನೆ, ಸುತ್ತ ಬರೆಯಲು ಬೇಕಾದಷ್ಟು ಬಿಳಿ ಜಾಗ. ಲೈಬ್ರರಿಯವರ ಮುದ್ದಾದ ಸಣ್ಣಕ್ಷರದಲ್ಲಿ, ಕನ್ನಡದಲ್ಲಿ, ಹೀಗೆ ಬರೆದಿತ್ತು: “ನನಗೆ ದಾರಿ ತಪ್ಪಿದೆ. ದಯವಿಟ್ಟು ನನ್ನ ಹೆಂಡತಿಯನ್ನು ಕರೆಯಿರಿ. ಅವಳಿಗೆ ಎಲ್ಲ ನೆನಪಿರುತ್ತದೆ.” ಕೆಳಗೆ ಅತ್ತೆಯ ಹೆಸರು, ಫೋನ್ ನಂಬರು. ನಂಬರೂ ಕನ್ನಡ ಅಂಕಿಯಲ್ಲಿ!

ಕೇರಳದ ಬೀದಿಯಲ್ಲಿ ಕಳೆದುಹೋಗುವುದಕ್ಕೆ ಕನ್ನಡದಲ್ಲಿ ಚೀಟಿ ಬರೆದುಕೊಂಡ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬರಿರಲಿಕ್ಕಿಲ್ಲ. ನಗು ಬರಬೇಕಿತ್ತು. ಯಾರಿಗೂ ಬರಲಿಲ್ಲ.

ಮಾವ ಗೇಟಿನ ಕ್ಯಾಬಿನ್ನಿನಲ್ಲಿ ಸೆಕ್ಯುರಿಟಿಯವರ ಚಹಾ ಕುಡಿಯುತ್ತಾ ಕೂತಿದ್ದರು. ಅತ್ತೆ ಓಡಿದರು. ಅವರು ಓಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿಲ್ಲ. ಹತ್ತಿರ ಹೋದ ಮೇಲೆ ಮಾತ್ರ ಸೊಂಟದ ಮೇಲೆ ಕೈಯಿಟ್ಟರು.

“ಏನ್ರೀ ಇದು? ಯಾವಾಗ ಬರೆದಿದ್ದು?”

“ವಿಳಿಂಜಂಗೆ ಹೋಗಿ ಬಂದ ಮೇಲೆ” ಎಂದರು ಮಾವ. “ಒಂದು ದಿನ ಹಾಲಿನ ಬೂತಿಂದ ಮನೆ ದಾರಿ ಹೊಳೀಲಿಲ್ಲ. ನಿನಗೆ ಹೇಳಿದರೆ ಹೆದರ್ತೀಯ ಅಂತ.”

“ದಿನಾ ಐವತ್ತೆರಡು ಅಂತ ಕೂಗ್ತಿದ್ರಲ್ಲ! ಸುಳ್ಳು!”

“ಸುಳ್ಳಲ್ಲ ಕಣೇ. ಡಬ್ಬಿಲಿ ಐವತ್ತೊಂದು, ಜೇಬಲ್ಲಿ ಒಂದು. ಕೂಡಿಸಿ ಹೇಳ್ತಿದ್ದೆ.”

ಅತ್ತೆ ಎಕ್ಕವನ್ನು ಮಗುಚಿ ಮಗುಚಿ ನೋಡಿದರು. ಆಮೇಲೆ ಸಿಡಿದರು: “ಜೋಕರ್ ಇತ್ತಲ್ರೀ ಕಟ್ಟಲ್ಲಿ! ಎರಡೆರಡು ಜೋಕರ್! ಆಟಕ್ಕೇ ಬರಲ್ಲ ಅವು. ಅದರ ಮೇಲೆ ಬರೀಬಹುದಿತ್ತಲ್ಲ!”

“ಜೋಕರ್ ಜೇಬಲ್ಲಿಟ್ಕೊಂಡು ತಿರುಗಿದರೆ ನೋಡಿದವರು ಏನಂದ್ಕೋತಾರೆ?” ಎಂದರು ಮಾವ, ಬಹಳ ಗಂಭೀರವಾಗಿ.

ಸೆಕ್ಯುರಿಟಿಯವನಿಗೆ ಕನ್ನಡ ಬರುವುದಿಲ್ಲ. ಆದರೂ ಆತ ಮೆಲ್ಲಗೆ ಆ ಕಡೆ ಮುಖ ತಿರುಗಿಸಿಕೊಂಡ.

ಅರ್ಜಿಗೆ ಅವತ್ತು ಸಹಿ ಬೀಳಲಿಲ್ಲ, ಹರಿದೂ ಹಾಕಲಿಲ್ಲ. ಸಂಜೆ ರೈಲಿಗೆ ಹೊರಡುವಾಗ ಅತ್ತೆ ಹೇಳಿದರು: “ಕೈಯಲ್ಲಿ ಹದಿನಾರಿದೆ ಕಣೋ. ನಾಳೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ. ಎದುರಿಗೆ ಏನಿದೆ ಅಂತ ಮೊದಲು ನೋಡೋಣ. ಅಲ್ಲಿವರೆಗೆ ನಿಲ್ತೀನಿ.” ದೋಸೆ ಕಾವಲಿಯನ್ನು ಸೆಕ್ಯುರಿಟಿಯವನಿಗೆ ಕೊಟ್ಟು ಬಂದರು.

ಮೊನ್ನೆ ತಿರುವನಂತಪುರಕ್ಕೆ ಹೋಗಿದ್ದೆ. ಡಾಕ್ಟರು ಮಾವನ ನೆನಪಿನದು ನಿಧಾನಕ್ಕೆ ಇಳಿಯುವ ದಾರಿ ಎಂದಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ. ಹೊಸ ಕಟ್ಟು ತಂದುಕೊಡುತ್ತೇನೆ ಎಂದೆ. ಅತ್ತೆ ಬೇಡವೆಂದರು. ಎಕ್ಕ ಮಾವನ ಜೇಬಿನಲ್ಲೇ ಇದೆ. ಅದರ ಖಾಲಿ ಅಂಚಿನಲ್ಲಿ ಪಕ್ಕದ ಮನೆಯ ಚೇಚಿ ಮಲಯಾಳಂನಲ್ಲಿ ಎರಡು ಸಾಲು ಬರೆದುಕೊಟ್ಟಿದ್ದಾರೆ, ಎಲ್ಲರೂ ಓದುವ ಅಂಕಿಯಲ್ಲಿ ಅತ್ತೆ ನಂಬರು ಹಾಕಿದ್ದಾರೆ. ಬೆಳಗಿನ ಪರೀಕ್ಷೆಯೂ ನಡೆಯುತ್ತಿದೆ. ಮೊದಲು ಸೊನ್ನೆಯಿಂದ ಎಣಿಸುತ್ತಿದ್ದ ಅತ್ತೆ ಈಗ ಒಂದು ಕಳೆದು ಶುರುಮಾಡುತ್ತಾರೆ. “ಒಂದು ಎಲೆ ಎಲ್ಲಿದೆ ಅಂತ ಗೊತ್ತಿದೆಯಲ್ಲ, ಅದನ್ನ ಮೊದಲೇ ಲೆಕ್ಕಕ್ಕೆ ತಗೊಂಡರಾಯ್ತು” ಎಂದರು. ದಿನವೂ ಸರಿ ಬರುತ್ತಿದೆ.

ಸಂಜೆ ಆಟವಾಯಿತು. ಚಿಪ್ಸು ಎಂದಿನಂತೆ ಹಂಚುವವರ ಹೊಟ್ಟೆ ಸೇರಿತು. ಮಾವ ಎಲೆಗಳನ್ನು ಒಂದೊಂದಾಗಿ ಎಣಿಸಿ ಡಬ್ಬಿಗೆ ಹಾಕಿದರು. ಮುಚ್ಚಳ ಕೈಯಲ್ಲೇ ಉಳಿಯಿತು. ಮತ್ತೆ ಹೊರತೆಗೆದು ಇನ್ನೊಮ್ಮೆ ಎಣಿಸಿದರು. ಹೆದರಿದ ಕಣ್ಣುಗಳಿಂದ ಅಡುಗೆಮನೆಯ ಕಡೆ ನೋಡಿದರು.

“ಐವತ್ತೊಂದೇ ಇದೆ ಕಣೇ. ಒಂದು ಎಲೆ ಎಲ್ಲೋ ಹೋಗಿದೆ.”

ಅತ್ತೆ ಕೈ ಒರೆಸಿಕೊಂಡು ಬಂದು ಅವರ ಪಕ್ಕ ಕೂತರು. ಅಂಗಿಯ ಜೇಬಿನ ಮೇಲೆ ಅಂಗೈಯಿಟ್ಟರು, ತೆಗೆಯಲಿಲ್ಲ.

“ಐವತ್ತೆರಡು ರೀ” ಎಂದರು. “ಸರಿ ಇದೆ.”